ತೆರೆಯ ಮೇಲಿನ ಸೇಟು, ಅಂಗಡಿಯಲ್ಲಿರುವ ನಾವು

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಈ ಗಾದೆಯನ್ನು ಎಲ್ಲರೂ ಚಾಚೂ ತಪ್ಪದೆ ಪಾಲಿಸಿದ್ದರೆ ಸಿನಿಮಾದವರಿಗೆ ಒಂದು ಬಗೆಯ ಕತೆಯೇ ಇಲ್ಲದಂತಾಗುತ್ತಿತ್ತು. ಒಬ್ಬನನ್ನು ಇನ್ನೊಬ್ಬನೆಂದು ತಿಳಿಯುವುದು, ಅವನು ಮಾಡಿದ ಸಾಲವನ್ನು ಇವನಲ್ಲಿ ಕೇಳುವುದು, ಇವನ ಹೆಂಡತಿ ಅವನನ್ನು ಊಟಕ್ಕೆ ಕರೆಯುವುದು, ಕೊನೆಗೆ ಇಬ್ಬರೂ ಎದುರುಬದುರು ನಿಂತಾಗ ಊರೆಲ್ಲ ಮೂಗಿನ ಮೇಲೆ ಬೆರಳಿಡುವುದು. ಇಂಥ ಚಿತ್ರಗಳೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಹೊಡೆದಾಟವಿಲ್ಲ, ರಕ್ತವಿಲ್ಲ, ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಟ್ಟಿಗೆ ಕೂತು ನೋಡಬಹುದು.

ಎನ್. ಎಸ್. ಶಂಕರ್ ಅವರು 1997ರಲ್ಲಿ ತೆಗೆದ ‘ಉಲ್ಟಾ ಪಲ್ಟಾ’ ಅಂಥದೊಂದು ಚಿತ್ರ. ರಮೇಶ್ ಅರವಿಂದ್ ಅದರಲ್ಲಿ ಎರಡು ಪಾತ್ರ ಮಾಡಿದ್ದಾರೆ. ಅದಕ್ಕೂ ಮೊದಲು, 1982ರಲ್ಲಿ, ಹಿಂದಿಯಲ್ಲಿ ಗುಲ್ಜಾರರ ‘ಅಂಗೂರ್’ ಬಂದಿತ್ತು. ಅಲ್ಲಿ ಸಂಜೀವ್ ಕುಮಾರ್ ಇಬ್ಬರು ಯಜಮಾನರಾದರೆ ದೇವೆನ್ ವರ್ಮಾ ಇಬ್ಬರು ಆಳುಗಳು. ಎರಡಕ್ಕೂ ಮೂಲ ಷೇಕ್ಸ್‌ಪಿಯರ್ ಮಹಾಕವಿಯ ‘ಕಾಮಿಡಿ ಆಫ್ ಎರರ್ಸ್’ ನಾಟಕ. ಅದನ್ನು ಈಶ್ವರಚಂದ್ರ ವಿದ್ಯಾಸಾಗರರು 1869ರಲ್ಲಿ ‘ಭ್ರಾಂತಿವಿಲಾಸ’ ಎಂಬ ಹೆಸರಿನಿಂದ ಬಂಗಾಳಿಗೆ ತಂದರು, ಬಿ. ವೆಂಕಟಾಚಾರ್ಯರ ಮೂಲಕ ಅದು ಕನ್ನಡಕ್ಕೂ ಬಂತು. ಫಣಿ ರಾಮಚಂದ್ರರ ‘ಗಣೇಶನ ಮದುವೆ’ಯ (1990) ದಾರಿ ಬೇರೆ. ಒಂದೇ ವಠಾರದಲ್ಲಿ ದಿನವೂ ಜಗಳವಾಡುವ ಹುಡುಗಿಯೇ ತಾನು ಪತ್ರದಲ್ಲಿ ಮೆಚ್ಚಿಕೊಂಡ ಗಾಯಕಿ ಎಂದು ನಾಯಕನಿಗೆ ತಿಳಿಯದು. ಹೀಗೆ ಕತೆಗಳು ಬೇರೆಬೇರೆಯಾದರೂ ಎಲ್ಲವೂ ನಿಂತಿರುವುದು ಒಂದೇ ಬುನಾದಿಯ ಮೇಲೆ. ಮನುಷ್ಯನು ಮುಖವನ್ನೋ ವೇಷವನ್ನೋ ಹೆಸರನ್ನೋ ನೋಡಿ, ಒಳಗಿರುವವನನ್ನು ನೋಡದೆ ತೀರ್ಮಾನಕ್ಕೆ ಬರುತ್ತಾನೆ.

ಈ ಚಿತ್ರಗಳು ನಮಗೆ ಹತ್ತಿರವಾಗಲು ಇನ್ನೂ ಒಂದು ಕಾರಣವಿದೆ. ನಾವು ಇರುವ ಊರೇ ಅಂಥದು. ನಮ್ಮದು ತಾಳವಾಡಿ ಬೆಟ್ಟಸೀಮೆಯ ಪಣಕಹಳ್ಳಿ. ನಕ್ಷೆಯಲ್ಲಿ ತಮಿಳುನಾಡು, ಈರೋಡು ಜಿಲ್ಲೆ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೇಳುವುದು ಕನ್ನಡ. ಸರ್ಕಾರದ ಕಾಗದ ತಮಿಳಿನಲ್ಲಿ ಬರುತ್ತದೆ. ನಮ್ಮ ಜಿಲ್ಲೆಯ ಊರಿಗೆ ಹೋಗಬೇಕೆಂದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕಾದರೆ ಘಟ್ಟವೇ ಇಲ್ಲ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ವಿಂಗಡವಾದಾಗ ಈ ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಹಾಗಾಗಿ ಮೈಸೂರಿಗೆ ಹೋದರೆ ‘ನೀವು ತಮಿಳಿನವರು’ ಎನ್ನುತ್ತಾರೆ, ಸತ್ಯಮಂಗಲಕ್ಕೆ ಹೋದರೆ ‘ನೀವು ಕನ್ನಡದವರು’ ಎನ್ನುತ್ತಾರೆ. ಕನ್ನಡಿಗರ ಕಣ್ಮಣಿಯಾದ ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ್ದು ಇದೇ ತಾಳವಾಡಿ ಸೀಮೆಯ ಗಾಜನೂರಿನಲ್ಲಿ. ಬೆಂಗಳೂರಿನ ನೆಂಟರಿಗೆ ಈ ಮಾತು ಹೇಳಿದರೆ ಇಂದಿಗೂ ಒಮ್ಮೆ ಹುಬ್ಬೇರಿಸುತ್ತಾರೆ. ಕನ್ನಡಕ್ಕೆ ಒಂದು ಮುಖ, ತಮಿಳುನಾಡಿಗೆ ಒಂದು ಮುಖ ಎಂದು ಅವರು ಮನಸ್ಸಿನಲ್ಲಿ ಮೊದಲೇ ಬರೆದಿಟ್ಟುಕೊಂಡಿರುತ್ತಾರೆ.

ಈ ಊರಿನಲ್ಲಿ ನಮ್ಮದೊಂದು ದಿನಸಿ ಅಂಗಡಿ. ಹಿರಿಯರು ಚಾಮರಾಜನಗರದ ಕಡೆಯಿಂದ ವ್ಯಾಪಾರಕ್ಕೆಂದು ಬಂದವರು. ರಾಗಿ, ಹುರುಳಿ, ಬೆಲ್ಲ, ಎಣ್ಣೆ, ಹಬ್ಬ ಬಂದರೆ ಅರಿಸಿನ ಕುಂಕುಮ. ಇಷ್ಟೇ ನಮ್ಮ ವ್ಯಾಪಾರ. ಅಣ್ಣತಮ್ಮಂದಿರಲ್ಲಿ ಒಬ್ಬರಾದ ಮೇಲೆ ಒಬ್ಬರು ಗಲ್ಲಾದ ಮೇಲೆ ಕೂರುತ್ತೇವೆ. ಊರಿನವರು ನಮ್ಮನ್ನು ‘ಹೊತ್ತಿರುವಾಗಲೇ ಉಣ್ಣುವವರು’ ಎಂದು ಗುರುತಿಸುತ್ತಾರೆ. ಸಂಜೆ ಐದೂವರೆಯ ಮೇಲೆ ಗಲ್ಲಾದಲ್ಲಿ ಒಬ್ಬರೇ ಇದ್ದರೆ, ‘ಅಣ್ಣಾರು ಊಟಕ್ಕೆ ಹೋಗವ್ರೆ, ಈಗ ಬತ್ತಾರೆ’ ಎಂದು ಗಿರಾಕಿಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹೊಸಬರಿಗೆ ಮಾತ್ರ ನಾವು ಬೇರೆಯೇ ಆಗಿ ಕಾಣುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಘಟ್ಟದ ಕೆಳಗಿನಿಂದ ಒಬ್ಬರು ಬಂದು, ಅಂಗಡಿಯ ಮುಂದೆ ಜನ ಕರಗುವವರೆಗೆ ಕಾದು, ಕರವಸ್ತ್ರದ ಗಂಟು ಬಿಚ್ಚಿ ಒಂದು ಚಿನ್ನದ ಸರವನ್ನು ನಮ್ಮ ತಕ್ಕಡಿಯ ಪಕ್ಕದಲ್ಲಿಟ್ಟರು. ಗ್ರಾಂಗೆ ಎಷ್ಟು ಕೊಡುತ್ತೀರಿ, ಬಡ್ಡಿ ಎಷ್ಟು ಎಂದು ಕೇಳಿದರು. ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇದು ದಿನಸಿ ಅಂಗಡಿ, ಗಿರವಿ ಅಂಗಡಿಯಲ್ಲ ಎಂದರೆ ನಂಬಲಿಲ್ಲ. ‘ಜೈನರ ಅಂಗಡಿ ಅಂತ ಬಸ್ಸಿನಲ್ಲಿ ಹೇಳಿದರು, ಸೇಟು ಎಲ್ಲಿ, ಕರೆಯಿರಿ’ ಎಂದರು. ನಮ್ಮ ಬೆನ್ನ ಹಿಂದೆ ಬೇಳೆ ಮೂಟೆಗಳು, ಮುಂದೆ ಎಣ್ಣೆ ಡಬ್ಬ. ಅವರು ಮಾತ್ರ ಒಳಗೆಲ್ಲೋ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆ, ಅದರ ಪಕ್ಕದಲ್ಲಿ ದಿಂಬಿಗೆ ಒರಗಿದ ಸೇಟು ಇರಲೇಬೇಕೆಂದು ಇಣುಕಿ ನೋಡುತ್ತಿದ್ದರು. ರಾಗಿ ತೂಗಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು ನಕ್ಕುಬಿಟ್ಟರು. ‘ಅಯ್ಯೋ ಸಾಮಿ, ಇವರು ನಮ್ಮಂಗೇ ಸಾಲ ಮಾಡೋರು, ಸಾಲ ಕೊಡೋರಲ್ಲ’ ಎಂದರು. ಸರ ತಂದವರೂ ನಕ್ಕರು, ನಾವೂ ನಕ್ಕೆವು. ಕಾಫಿ ಕೊಟ್ಟು, ತಾಳವಾಡಿಯಲ್ಲಿ ಬ್ಯಾಂಕು ಇರುವ ಕಡೆಗೆ ದಾರಿ ತೋರಿಸಿ ಕಳಿಸಿದೆವು.

ಆ ನಗು ಆಗಲೇ ಮುಗಿಯಿತು. ಆದರೆ ಅವರು ಇಣುಕಿ ನೋಡುತ್ತಿದ್ದ ಆ ಸೇಟು ಎಲ್ಲಿಂದ ಬಂದ ಎಂಬ ಯೋಚನೆ ಉಳಿಯಿತು. ಅವನು ಸಿನಿಮಾದಿಂದ ಬಂದವನು. ಕನ್ನಡವಾಗಲಿ ತಮಿಳಾಗಲಿ, ಹಾಸ್ಯದ ದೃಶ್ಯಗಳಲ್ಲಿ ಅವನನ್ನು ನಾವೆಲ್ಲ ಎಷ್ಟೋ ಸಲ ಕಂಡಿದ್ದೇವೆ. ದೊಡ್ಡ ಹೊಟ್ಟೆ, ತಲೆಗೆ ಟೋಪಿ ಅಥವಾ ಪೇಟ, ಬೆರಳಿಗೆಲ್ಲ ಉಂಗುರ, ಬಾಯಲ್ಲಿ ಲಿಂಗ ವಚನಗಳಿಲ್ಲದ ಭಾಷೆ. ಹೆಂಗಸರನ್ನು ‘ಅವನು’ ಎನ್ನುತ್ತಾನೆ, ಗಂಡಸರನ್ನು ‘ಅವಳು’ ಎನ್ನುತ್ತಾನೆ. ಜನ ಅದಕ್ಕೇ ನಗುತ್ತಾರೆ. ಅವನಿಗೆ ಮನೆಯಿಲ್ಲ, ಮಗುವಿಲ್ಲ, ಹಬ್ಬವಿಲ್ಲ, ಚಿಂತೆಯಿಲ್ಲ. ನಾಯಕನು ಮೋಸ ಮಾಡಿದರೆ ಪ್ರೇಕ್ಷಕರು ಚಪ್ಪಾಳೆ ತಟ್ಟಲೆಂದೇ ಅವನು ಇರುತ್ತಾನೆ. ಅವನ ಧರ್ಮವನ್ನು ಚಿತ್ರದಲ್ಲಿ ಹೇಳುವುದಿಲ್ಲ. ನೋಡುವವರು ತಾವೇ ತುಂಬಿಕೊಳ್ಳುತ್ತಾರೆ.

ನ್ಯಾಯವಾಗಿ ಮಾತನಾಡೋಣ. ಗಿರವಿ ವ್ಯಾಪಾರವೆಂಬುದು ಇದೆ, ಅದರಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಬಡವರಿಂದ ಅತಿಯಾದ ಬಡ್ಡಿ ಕಿತ್ತವರು ಎಲ್ಲ ಜಾತಿಯಲ್ಲೂ ಇದ್ದರು. ಹಾಗಿಲ್ಲದಿದ್ದರೆ ಮದರಾಸಿನಲ್ಲಿ 1943ರಷ್ಟು ಹಿಂದೆ, ಕರ್ನಾಟಕದಲ್ಲಿ 1961ರಲ್ಲಿ ಗಿರವಿದಾರರ ಕಾಯಿದೆ ಬರುವ ಅಗತ್ಯವೇ ಇರಲಿಲ್ಲ. ಬಡ್ಡಿಕೋರನನ್ನು ಕಂಡು ಜನ ನಗಲಿ, ಅದು ಬೇಡವೆನ್ನುವವರು ನಾವಲ್ಲ. ಒಂದು ವೃತ್ತಿಯ ಒಬ್ಬ ಕೆಟ್ಟವನ ಮುಖವನ್ನು ಒಂದು ಇಡೀ ಸಮಾಜಕ್ಕೆ ಅಂಟಿಸಿಬಿಡುವುದು ಮಾತ್ರ ನ್ಯಾಯವಲ್ಲ.

ಆ ಸಮಾಜವಾದರೂ ಒಂದೇ ಬಣ್ಣದ್ದೇ? 2011ರ ಜನಗಣತಿಯಂತೆ ಭಾರತದಲ್ಲಿ ಜೈನರು ಸುಮಾರು 44 ಲಕ್ಷ 51 ಸಾವಿರ. ಕರ್ನಾಟಕದಲ್ಲಿ 4 ಲಕ್ಷ 40 ಸಾವಿರ, ತಮಿಳುನಾಡಿನಲ್ಲಿ 89 ಸಾವಿರ. ಈ ಸಣ್ಣ ಸಂಖ್ಯೆಯೊಳಗೇ ಎಷ್ಟು ಬಗೆ! ಬೆಳಗಾವಿ ಕಡೆ ಕಬ್ಬು ಬೆಳೆಯುವ ಜೈನ ರೈತರಿದ್ದಾರೆ. ತುಳುನಾಡಿನಲ್ಲಿ ತುಳು ಮಾತನಾಡುವ ಜೈನರಿದ್ದಾರೆ. ತಮಿಳುನಾಡಿನ ಉತ್ತರ ಭಾಗದ ಹಳ್ಳಿಗಳಲ್ಲಿ ಶತಮಾನಗಳಿಂದ ಉಳುಮೆ ಮಾಡಿಕೊಂಡು ಬಂದ ನೈನಾರ್ ಜೈನರ ಮನೆಮಾತು ತಮಿಳು. ರಾಜಸ್ಥಾನ, ಗುಜರಾತು, ಕಛ್‌ಗಳಿಂದ ಬಂದು ಇಲ್ಲಿಯವರೇ ಆಗಿಹೋದ ಶ್ವೇತಾಂಬರ ಬಂಧುಗಳಿದ್ದಾರೆ. ಮಾರವಾಡಿಗಳೆಲ್ಲ ಜೈನರಲ್ಲ, ಜೈನರೆಲ್ಲ ಮಾರವಾಡಿಗಳಲ್ಲ. ಇಷ್ಟೆಲ್ಲ ಮುಖಗಳಿಗೆ ತೆರೆಯ ಮೇಲೆ ಸಿಕ್ಕಿರುವುದು ಒಂದೇ ಹೊಟ್ಟೆ, ಒಂದೇ ಟೋಪಿ.

ನಾವು ಹೊರಗಿನಿಂದ ಬಂದವರೆಂಬ ಮಾತಿಗೂ ನಮ್ಮ ಸೀಮೆಯೇ ಉತ್ತರ ಕೊಡುತ್ತದೆ. ಚಾಮರಾಜನಗರದಲ್ಲಿ ಹೊಯ್ಸಳ ದಂಡನಾಯಕ ಪುಣಿಸನು 1117ರಲ್ಲಿ ಬಸದಿ ಕಟ್ಟಿಸಿದನು. ಅದರ ಸಮೀಪದ ಮಲೆಯೂರಿನಲ್ಲಿ ಕನಕಗಿರಿ ಕ್ಷೇತ್ರವಿದೆ. ಘಟ್ಟದ ಕೆಳಗೆ ನಮ್ಮ ಈರೋಡು ಜಿಲ್ಲೆಯದೇ ವಿಜಯಮಂಗಲದಲ್ಲಿ ಚಂದ್ರಪ್ರಭ ತೀರ್ಥಂಕರರ ಪುರಾತನ ಜಿನಾಲಯವಿದೆ. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಂಗಿಯ ನಿಷಿಧಿ ಶಾಸನ ಅಲ್ಲಿದೆ. ಅಣ್ಣನ ಹೆಸರು ಕನ್ನಡ ನಾಡಿನ ಬೆಟ್ಟದ ಮೇಲೆ, ತಂಗಿಯ ಹೆಸರು ಕೊಂಗುನಾಡಿನ ಕಲ್ಲಿನ ಮೇಲೆ. ಇನ್ನು ಭಾಷೆಯ ಮಾತು. ಹದಿಮೂರನೆಯ ಶತಮಾನದಲ್ಲಿ ಕನ್ನಡಕ್ಕೆ ‘ಶಬ್ದಮಣಿದರ್ಪಣ’ವೆಂಬ ವ್ಯಾಕರಣ ಬರೆದ ಕೇಶಿರಾಜ ಜೈನ. ಅದೇ ಶತಮಾನದಲ್ಲಿ ತಮಿಳಿಗೆ ‘ನನ್ನೂಲ್’ ವ್ಯಾಕರಣ ಬರೆದ ಭವಣಂದಿ ಮುನಿಗಳೂ ಜೈನರೇ. ಎರಡು ಭಾಷೆಗೂ ಲಿಂಗ ವಚನ ವಿಭಕ್ತಿಗಳನ್ನು ತಿಳಿಸಿಕೊಟ್ಟವರ ವಂಶದವರನ್ನು ಸಿನಿಮಾ ಎರಡು ಭಾಷೆಯಲ್ಲೂ ಲಿಂಗ ವಚನ ತಿಳಿಯದವರನ್ನಾಗಿ ಮಾಡಿದೆ. ಇದಕ್ಕಿಂತ ದೊಡ್ಡ ‘ಉಲ್ಟಾ ಪಲ್ಟಾ’ ಯಾವುದಿದೆ?

ದೊಡ್ಡವರಾದ ನಾವು ಇದನ್ನೆಲ್ಲ ನಕ್ಕು ಮರೆಯಬಹುದು. ಮಕ್ಕಳ ವಿಷಯ ಹಾಗಲ್ಲ. ನಮ್ಮ ಮನೆಯ ಹುಡುಗಿ ಏಳನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಒಂದು ನಗೆನಾಟಕ ಗೊತ್ತು ಮಾಡಿದರು. ಅವಳಿ ಅಣ್ಣತಮ್ಮಂದಿರ ಕತೆ. ಒಬ್ಬ ಮಾಡಿದ ಸಾಲವನ್ನು ಇನ್ನೊಬ್ಬನಿಂದ ವಸೂಲು ಮಾಡಲು ಬರುವ ಸೇಟು ಅದರಲ್ಲಿದ್ದ. ‘ನೀನು ಜೈನರವಳಲ್ಲವೆ, ಸೇಟಿನ ಪಾತ್ರ ನಿನಗೇ ಒಪ್ಪುತ್ತದೆ’ ಎಂದು ಅದನ್ನು ಅವಳಿಗೇ ಕೊಟ್ಟರು. ಮಗು ಮನೆಗೆ ಬಂದು ಹೊಟ್ಟೆಗೆ ಕಟ್ಟಿಕೊಳ್ಳಲು ದಿಂಬು ಕೇಳಿತು. ಆಮೇಲೆ ಆ ಭಾಷೆ ಕಲಿಯಬೇಕಲ್ಲ? ನಮ್ಮ ಮನೆಯಲ್ಲಿ ಯಾರಿಗೂ ಅದು ಬಾರದು. ಅಜ್ಜಿಗೆ ತಾಳವಾಡಿಯ ಕನ್ನಡ ಬಿಟ್ಟು ಬೇರೊಂದು ಗೊತ್ತಿಲ್ಲ. ಹಾಗಾಗಿ ಅವಳು ಟೀವಿಯಲ್ಲಿ ಸಿನಿಮಾದ ಸೇಟುಗಳನ್ನು ನೋಡಿ ಕಲಿಯತೊಡಗಿದಳು. ಜೈನರ ಮನೆಯ ಹುಡುಗಿ ‘ಜೈನಳಂತೆ’ ಮಾತನಾಡುವುದನ್ನು ಸಿನಿಮಾದಿಂದ ಕಲಿಯಬೇಕಾಯಿತು! ಮೂರನೆಯ ದಿನ ಅವಳು ಕೇಳಿದಳು: ‘ಅಜ್ಜೀ, ನಾವು ನಿಜವಾಗಿ ಹೀಗಿದ್ದೆವಾ? ಆಮೇಲೆ ಬದಲಾದೆವಾ?’

ಆ ಪ್ರಶ್ನೆಗೆ ಮನೆಯವರೆಲ್ಲ ಸುಮ್ಮನಾದೆವು. ಹುಡುಗಿ ತನ್ನ ಮನೆಯನ್ನು ಸುಳ್ಳೆಂದೂ ಸಿನಿಮಾವನ್ನು ನಿಜವೆಂದೂ ತಿಳಿಯಲು ಹೊರಟಿದ್ದಳು.

ಮರುದಿನ ನಾವು ಮೇಷ್ಟ್ರನ್ನು ಕಂಡೆವು. ಜಗಳಕ್ಕೆ ಹೋಗಲಿಲ್ಲ. ‘ಸಿನಿಮಾದಲ್ಲಿ ಸೇಟು ಅಂದರೆ ಹಾಗೇ ಅಲ್ಲವೇ ಅಣ್ಣಾ? ನಗಿಸೋಕೆ ಅಂತ ಇಟ್ಟದ್ದು, ಮನಸ್ಸಿಗೆ ಹಚ್ಚಿಕೋಬೇಡಿ’ ಎಂದರು. ‘ನಗು ಇರಲಿ ಮೇಷ್ಟ್ರೇ, ನಮ್ಮ ಹುಡುಗಿಗೆ ಆ ಭಾಷೆ ಬರೋದಿಲ್ಲ, ಅಷ್ಟೇ. ಅವಳು ಕಂಡಿರುವ ಅಂಗಡಿಯವನನ್ನೇ ಮಾಡಲಿ’ ಎಂದೆವು. ಮೇಷ್ಟ್ರು ಒಳ್ಳೆಯವರು, ಸ್ವಲ್ಪ ಯೋಚಿಸಿ ಒಪ್ಪಿದರು. ನಾಟಕದ ದಿನ ದಿಂಬು ಇರಲಿಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡು ಇತ್ತು. ಅವಳಿಗಳಲ್ಲಿ ಮೊದಲನೆಯವನು ಸಾಲ ಕೇಳಿದರೆ, ‘ಬೋರ್ಡು ನೋಡಪ್ಪ, ನಾಳೆ ಬಾ’. ಮರುದಿನ ಎರಡನೆಯವನು ಏನೂ ಅರಿಯದೆ ಉಪ್ಪು ಕೊಳ್ಳಲು ಬಂದರೆ, ‘ನಿನ್ನೆ ತಾನೆ ಹೇಳಲಿಲ್ಲವಾ, ಬೋರ್ಡಿನಲ್ಲಿ ಇವತ್ತೂ ಇಂದೇ ಅಂತ ಐತೆ!’ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದು ತಾವು ದಿನವೂ ಬರುವ ಅಂಗಡಿಯನ್ನು ಕಂಡು. ಆ ನಗುವಿನಲ್ಲಿ ನಮಗೂ ಪಾಲಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ನಾವು ಆ ಸೇಟುಗಳಲ್ಲ, ನಾವು ಬೇರೆ’ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಕನ್ನಡ ಜೈನರ ಬಾಯಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಆದರೆ ಹಾಗೆಂದರೆ ಸಿನಿಮಾದ ಸುಳ್ಳನ್ನು ನಮ್ಮ ಹೆಗಲಿನಿಂದ ತೆಗೆದು ಇನ್ನೊಬ್ಬ ಸಹೋದರನ ಹೆಗಲಿಗೆ ಹೊರಿಸಿದಂತಾಯಿತು. ಪಟ್ಟಣಗಳಲ್ಲಿ ಗಿರವಿ ಅಂಗಡಿ ಇಟ್ಟಿರುವ ಮಾರವಾಡಿ ಕುಟುಂಬಕ್ಕೂ ಮನೆಯಿದೆ, ಅಜ್ಜಿಯಿದ್ದಾಳೆ, ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ. ಆ ಮಕ್ಕಳಲ್ಲಿ ಎಷ್ಟೋ ಮಂದಿ ಇಲ್ಲೇ ಹುಟ್ಟಿ, ಇಲ್ಲಿಯ ಶಾಲೆಯಲ್ಲಿ ಓದಿ, ನಮ್ಮಷ್ಟೇ ಚೆನ್ನಾಗಿ ಕನ್ನಡವನ್ನೋ ತಮಿಳನ್ನೋ ಆಡುತ್ತಾರೆ. ಅವಳಿಗಳ ಕತೆ ಕೊನೆಗೆ ಹೇಳುವುದಾದರೂ ಏನು? ಇಬ್ಬರಲ್ಲಿ ಒಬ್ಬ ನಿಜ, ಒಬ್ಬ ಸುಳ್ಳು ಎಂದಲ್ಲ. ಇಬ್ಬರೂ ನಿಜ, ಇಬ್ಬರೂ ಬೇರೆಬೇರೆ, ಇಬ್ಬರೂ ಒಂದೇ ತಾಯಿಯ ಮಕ್ಕಳು.

ಹಾಸ್ಯದಲ್ಲಿ ವ್ಯಾಪಾರಿಯನ್ನು ಮನುಷ್ಯನನ್ನಾಗಿ ತೋರಿಸಲು ಬರುವುದಿಲ್ಲವೆ? ಬರುತ್ತದೆ. ಷೇಕ್ಸ್‌ಪಿಯರನ ಆ ಮೂಲ ನಾಟಕವನ್ನೇ ನೋಡಿ. ಕತೆ ಶುರುವಾಗುವುದು ಒಬ್ಬ ಮುದುಕ ವ್ಯಾಪಾರಿಯ ಸಂಕಟದಿಂದ. ಎರಡು ಪಟ್ಟಣಗಳಿಗೆ ವೈರ. ಆ ಊರಿನ ವರ್ತಕ ಈ ಊರಿಗೆ ಕಾಲಿಟ್ಟರೆ ಸಾವಿರ ನಾಣ್ಯ ತೆರಬೇಕು, ಇಲ್ಲವೇ ತಲೆ ಕೊಡಬೇಕು. ಕಳೆದುಹೋದ ಮಗನನ್ನು ಹುಡುಕಿಕೊಂಡು ಬಂದ ಆ ಮುದುಕ ಪರ ಊರಿನ ವರ್ತಕನೆಂಬ ಒಂದೇ ಕಾರಣಕ್ಕೆ ಸೆರೆಯಾಗುತ್ತಾನೆ. ಮುಂದೆ ಬರುವ ಅಕ್ಕಸಾಲಿಗನು ಮಾಡಿಟ್ಟ ಸರವನ್ನು ತಪ್ಪಿ ಇನ್ನೊಬ್ಬ ಅವಳಿಗೆ ಕೊಟ್ಟು, ಹಣವನ್ನು ಮೊದಲನೆಯವನಲ್ಲಿ ಕೇಳುತ್ತಾನೆ. ಆ ಹಣಕ್ಕೆ ಅವನು ಅವಸರ ಮಾಡುವುದು ದುರಾಸೆಯಿಂದಲ್ಲ. ತಾನೂ ಇನ್ನೊಬ್ಬ ವರ್ತಕನಿಗೆ ಕೊಡಬೇಕಾಗಿದೆ, ಆ ವರ್ತಕ ಪ್ರಯಾಣ ಹೊರಟಿದ್ದಾನೆ. ಈ ಇಕ್ಕಟ್ಟು ನಮ್ಮಲ್ಲಿ ಯಾವ ವ್ಯಾಪಾರಿಗೆ ಗೊತ್ತಿಲ್ಲ? ಅಷ್ಟಾದರೂ ಆ ಅಕ್ಕಸಾಲಿಗ ತನ್ನ ಗಿರಾಕಿಯ ನಾಣ್ಯಸ್ಥಿಕೆಯ ಬಗ್ಗೆ ಒಳ್ಳೆಯ ಮಾತನ್ನೇ ಆಡುತ್ತಾನೆ.

ನಮ್ಮ ದೇಶದ ‘ಮೃಚ್ಛಕಟಿಕ’ದಲ್ಲೂ ಹಾಗೆಯೇ. ಗಾಡಿಗಳು ಅದಲುಬದಲಾಗಿ ವಸಂತಸೇನೆ ಬೇರೆಯವನ ಗಾಡಿ ಹತ್ತುವುದರಿಂದಲೇ ಅನಾಹುತವೆಲ್ಲ ನಡೆಯುತ್ತದೆ. ಅದರ ನಾಯಕ ಚಾರುದತ್ತ ಹುಟ್ಟಿನಿಂದ ಬ್ರಾಹ್ಮಣನಾದರೂ ವರ್ತಕರ ಮನೆತನದವನು, ದಾನ ಮಾಡಿ ಮಾಡಿ ಬಡವನಾದವನು. ಆ ಕಾಲದಲ್ಲಿ ದೊಡ್ಡ ವರ್ತಕನಿಗಿದ್ದ ಹೆಸರು ಶ್ರೇಷ್ಠಿ. ಅದೇ ಕನ್ನಡದಲ್ಲಿ ಸೆಟ್ಟಿಯಾಯಿತು, ಉತ್ತರದಲ್ಲಿ ಸೇಠ್ ಆಯಿತು. ಮರ್ಯಾದೆಯ ಹೆಸರನ್ನು ನಗೆಪಾಟಲು ಮಾಡಿದ್ದು ಇತ್ತೀಚಿನವರೇ.

ನಮಗಾಗಿ ಕೇಳುವ ನ್ಯಾಯವನ್ನು ಬೇರೆಯವರಿಗೂ ಕೊಡಬೇಕು. ಅವಳಿಗಳ ಚಿತ್ರಗಳಲ್ಲಿ ಯಜಮಾನನ ತಪ್ಪಿಗೆ ಹೊಡೆತ ತಿನ್ನುವವನು ಆಳು. ಅವನು ತಿನ್ನುವ ಒಂದೊಂದು ಏಟಿಗೂ ಮನೆಮಂದಿ ನಗುತ್ತಾರೆ. ಅದನ್ನು ನೋಡುವ ನಮ್ಮ ಮಕ್ಕಳು ನಮ್ಮ ಅಂಗಡಿಯಲ್ಲಿ ಮೂಟೆ ಹೊರುವವನನ್ನು ಯಾವ ಕಣ್ಣಿನಿಂದ ನೋಡುತ್ತಾರೆ ಎಂದು ನಾವು ಗಮನಿಸಬೇಕಲ್ಲವೆ? ನಮ್ಮ ಬೆಟ್ಟದ ಸೋಲಿಗರಿಗೆ ಸಿನಿಮಾ ಎಲೆ ಗರಿಗಳನ್ನು ಕಟ್ಟಿ ಕುಣಿಸುತ್ತದೆ. ಹಳ್ಳಿಯ ರೈತನನ್ನು ಪೆದ್ದನನ್ನಾಗಿ ಮಾಡುತ್ತದೆ. ಅವರೆಲ್ಲರೂ ನಮ್ಮ ಗಿರಾಕಿಗಳು. ಅವರ ಲೆಕ್ಕಾಚಾರದ ಚುರುಕು ನಮಗೆ ಗೊತ್ತಿರುವಷ್ಟು ಸಿನಿಮಾದವರಿಗೆ ಗೊತ್ತಿಲ್ಲ. ಷೇಕ್ಸ್‌ಪಿಯರನು ತನ್ನ ನಾಟಕದ ಕಡೆಯ ಗಳಿಗೆಯನ್ನು ಯಜಮಾನರಿಗೆ ಕೊಡಲಿಲ್ಲ. ಅವಳಿ ಆಳುಗಳಿಬ್ಬರೂ ಯಾರು ಹಿರಿಯ ಯಾರು ಕಿರಿಯ ಎಂದು ನೋಡದೆ ಕೈಕೈ ಹಿಡಿದು ಒಳಗೆ ಹೋಗುತ್ತಾರೆ. ಒಂದೇ ವಸ್ತುವಿಗೆ ಹಲವು ಮುಖಗಳಿವೆ ಎಂದು ಹೇಳುವ ಅನೇಕಾಂತವನ್ನು ಬಾಲ್ಯದಿಂದ ಕೇಳಿ ಬೆಳೆದ ನಮಗೆ, ಒಬ್ಬ ಮನುಷ್ಯನಿಗೂ ಹಲವು ಮುಖಗಳಿರುತ್ತವೆ ಎಂಬುದು ಹೊಸ ಪಾಠವಾಗಬಾರದು.

ಹಾಗಾದರೆ ಮಾಡಬೇಕಾದುದೇನು? ಚಿತ್ರ ನಿಲ್ಲಿಸಿ, ಕೋರ್ಟಿಗೆ ಹೋಗಿ ಎಂಬ ಸಲಹೆ ನಮ್ಮದಲ್ಲ. ನಗುವನ್ನು ನಿಲ್ಲಿಸಲು ಹೊರಟವರು ತಾವೇ ನಗೆಗೀಡಾಗುತ್ತಾರೆ. ಮನೆಯಲ್ಲಿ ಇಂಥ ದೃಶ್ಯ ಬಂದಾಗ ಮಕ್ಕಳ ಜೊತೆ ಕೂತು, ‘ಇವನು ಯಾರು, ನಾವು ಯಾರು’ ಎಂದು ಎರಡು ಮಾತು ಆಡೋಣ. ಶಾಲೆಯಲ್ಲಿ ನಾಟಕವಾದರೆ ಮೇಷ್ಟ್ರ ಜೊತೆ ಸೌಜನ್ಯದಿಂದ ಮಾತನಾಡೋಣ. ನಮ್ಮ ಹುಡುಗ ಹುಡುಗಿಯರಲ್ಲಿ ಬರೆಯುವ, ನಟಿಸುವ ಆಸೆಯಿದ್ದವರನ್ನು ‘ಅದೆಲ್ಲ ನಮಗೇಕೆ, ಅಂಗಡಿ ನೋಡಿಕೋ’ ಎಂದು ಗದರಿಸದೆ ಇರೋಣ. ನಮ್ಮ ಅಂಗಡಿಯ ಕತೆಯನ್ನು ನಾವು ಹೇಳದಿದ್ದರೆ ಬೇರೆಯವರು ತಮಗೆ ತಿಳಿದಂತೆ ಹೇಳುತ್ತಾರೆ. ಉದ್ರಿ ಪುಸ್ತಕದ ಒಂದೊಂದು ಹಾಳೆಯಲ್ಲೂ ಒಂದು ಸಿನಿಮಾಕ್ಕೆ ಆಗುವಷ್ಟು ನಗೆ ಇದೆ ಎಂಬುದು ವ್ಯಾಪಾರ ಮಾಡಿದವರಿಗೆಲ್ಲ ಗೊತ್ತು.

ಅದಲುಬದಲಿನ ಚಿತ್ರ ಮುಗಿಯುವುದು ಅವಳಿಗಳು ಎದುರುಬದುರು ನಿಂತು ಒಬ್ಬರನ್ನೊಬ್ಬರು ಗುರುತಿಸಿದಾಗ. ಸೇಟಿನ ವಿಷಯದಲ್ಲಿ ಸಿನಿಮಾ ಆ ಕೊನೆಯ ದೃಶ್ಯವನ್ನು ಇನ್ನೂ ತೆಗೆದಿಲ್ಲ. ಅದನ್ನು ತೆಗೆಯುವವರು ನಮ್ಮ ಮನೆಗಳಿಂದಲೇ ಬರಲಿ ಎಂದು ಹಾರೈಸೋಣ.